ಮೇನ್ ಆಫ್ ಮಾಡಿದ್ರಿ ಸರಿ, ಇನ್ವರ್ಟರ್?

ಶಾರ್ಟ್‌ವೇವ್ ರೇಡಿಯೊ ಹಿಡಿದುಕೊಂಡು ನನ್ನ ರಿಪೇರಿ ಅಂಗಡಿಗೆ ಬರುವವರ ದೂರು ಹೆಚ್ಚುಕಮ್ಮಿ ಒಂದೇ. ‘ಸ್ಟೇಷನ್ ಬರ್ತಿಲ್ಲ, ಬರೀ ಗೊರಗೊರ. ಸ್ವಲ್ಪ ಬಿಚ್ಚಿ ನೋಡಿ.’ ನಾನು ಬಿಚ್ಚುವುದಿಲ್ಲ. ಸೆಲ್ ಹಾಕಿ, ಪಕ್ಕದ ಮೈದಾನಕ್ಕೆ ಹೋಗಿ, ಏರಿಯಲ್ ಎಳೆದು ಹಚ್ಚುತ್ತೇನೆ. ಚೆನ್ನಾಗಿಯೇ ಹಾಡುತ್ತದೆ. ರೇಡಿಯೊ ಸರಿಯಾಗಿದೆ, ಗದ್ದಲ ನಿಮ್ಮ ಮನೆಯದು ಅಂದರೆ ಅವರಿಗೆ ಬೇಜಾರು. ‘ಇಲ್ಲ ಸಾರ್, ಮೇನ್ ಸ್ವಿಚ್ಚೇ ಆಫ್ ಮಾಡಿ ನೋಡಿದೀನಿ. ಆಗ್ಲೂ ಹಾಗೇ ಇತ್ತು.’

ಆಗ ಫ್ಯಾನ್ ತಿರುಗ್ತಾ ಇತ್ತಾ?

‘ಹ್ಞೂಂ, ಇನ್ವರ್ಟರ್ ಇದೆಯಲ್ಲ.’

ಇದೆಯಲ್ಲ! ನನಗೆ ತಲೆ ಕೆಡುವುದು ಇಲ್ಲೇ. ಮೇನ್ ಆಫ್ ಮಾಡಿದರೆ ನಿಲ್ಲುವುದು ಕಂಬದಿಂದ ಬರುವ ಕರೆಂಟ್ ಮಾತ್ರ. ಅದು ನಿಂತ ಕೂಡಲೇ ಇನ್ವರ್ಟರ್ ಎದ್ದು ಕೂರುತ್ತದೆ. ಎಲ್‌ಇಡಿ ಬಲ್ಬು, ರೂಟರ್, ಬಿಎಲ್‌ಡಿಸಿ ಫ್ಯಾನು, ಗೋಡೆಯಲ್ಲಿ ಸುಮ್ನೆ ನೇತಾಡುವ ಚಾರ್ಜರ್, ಎಲ್ಲಕ್ಕೂ ಕರೆಂಟ್ ಕೊಡುತ್ತದೆ. ಜೊತೆಗೆ ತನ್ನದೇ ಗದ್ದಲವನ್ನೂ ಸೇರಿಸುತ್ತದೆ. ಬ್ಯಾಟರಿಯ 12 ವೋಲ್ಟನ್ನು 230 ಮಾಡಲು ಅದು ಒಳಗೆ ಬಿಡದೆ ಸ್ವಿಚ್ ಹಾಕಿ ತೆಗೆಯುತ್ತಿರಬೇಕು. ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರ್ ಆದರಂತೂ ಕೇಳುವುದೇ ಬೇಡ. ಮೇನ್ ತೆಗೆದ ಮೇಲೆ ಗೊರಗೊರ ಜಾಸ್ತಿಯೇ ಆಗಬಹುದು. ಅಂದರೆ ನೀವು ಮಾಡಿದ ಪರೀಕ್ಷೆಯಿಂದ ಏನೂ ಗೊತ್ತಾಗಲಿಲ್ಲ.

ಹೀಗೆ ಮಾಡಿ. ರೇಡಿಯೊಗೆ ಸೆಲ್ ಹಾಕಿ. ಅಡಾಪ್ಟರ್ ಬೇಡ, ಅದೂ ಗದ್ದಲ ಎಬ್ಬಿಸುವ ಕಳ್ಳನೇ. ಗೊರಗೊರ ಜೋರಾಗಿರುವ ಕಡೆ ಮುಳ್ಳು ನಿಲ್ಲಿಸಿ. ಮೊದಲು ಇನ್ವರ್ಟರ್‌ನ ಮುಂದಿನ ಸ್ವಿಚ್ ಆಫ್, ಆಮೇಲೆ ಮೇನ್ ಆಫ್. ಮನೆಯಲ್ಲಿ ಒಂದು ದೀಪವೂ ಉರಿಯಬಾರದು, ಒಂದು ಫ್ಯಾನೂ ತಿರುಗಬಾರದು. ಆಮ್ಲಜನಕದ ಯಂತ್ರದ ಮೇಲೆ ಇರುವವರು ಮನೆಯಲ್ಲಿದ್ದರೆ ಈ ಸಾಹಸವೇ ಬೇಡ.

ಇಷ್ಟಾದರೂ ಒಂದೊಂದು ಸಲ ಸದ್ದು ಉಳಿಯುತ್ತದೆ. ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಹಾಗೇ ಆಯ್ತು. ಎಲ್ಲ ಆಫ್, ಮನೆ ಕತ್ತಲು, ರೇಡಿಯೊ ಮಾತ್ರ ಗುಂಯ್ ಅನ್ನುತ್ತಲೇ ಇದೆ. ನೋಡಿದರೆ ಟಿವಿ ಹಿಂದೆ ಪುಟ್ಟ ಹಸಿರು ದೀಪ. ರೂಟರ್‌ಗೆ ಅಂತ ಮೊಮ್ಮಗ ತಂದಿಟ್ಟ ಅಂಗೈಯಷ್ಟು ಯುಪಿಎಸ್ಸು! ಅದರ ವೈರ್ ಕಿತ್ತೆ, ಸದ್ದು ನಿಂತಿತು. ‘ಅದನ್ನ ತೆಗೆದ್ರೆ ಅವನು ಮನೆಗೇ ಬರಲ್ಲ ಕಣ್ರೀ’ ಅಂದರು ಮೇಷ್ಟ್ರ ಮನೆಯವರು. ಕೊನೆಗೆ ಜಾಗ ಬದಲಾಯಿಸಿದ್ದು ರೇಡಿಯೊನೇ. ಕರೆಂಟ್ ಹೋದಾಗ ತಾನೇ ಹತ್ತಿಕೊಳ್ಳುವ ಚಾರ್ಜಿಂಗ್ ಬಲ್ಬುಗಳ ಮೇಲೂ ಒಂದು ಕಣ್ಣಿಡಿ.

ಎಲ್ಲ ನಿಂತ ಮೇಲೆ ಸದ್ದೂ ನಿಂತರೆ ತಪ್ಪು ಮನೆಯದು. ಬೋರ್ಡಿನ ಎಂಸಿಬಿಗಳನ್ನೆಲ್ಲ (ಒಂದೊಂದು ಲೈನಿಗಿರುವ ಪುಟ್ಟ ಸ್ವಿಚ್‌ಗಳು) ಇಳಿಸಿ, ಮೇನ್ ಹಾಕಿ, ಒಂದೊಂದೇ ಎತ್ತುತ್ತ ಬನ್ನಿ. ಹೆಚ್ಚಾಗಿ ಸಿಕ್ಕಿಬೀಳುವುದು ಅಗ್ಗದ ಬಲ್ಬು ಅಥವಾ ಚಾರ್ಜರ್. ಇವು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತವೆ. ಅದರಿಂದ ಹುಟ್ಟುವ ಮರಿ ಅಲೆಗಳು 3ರಿಂದ 30 ಮೆಗಾಹರ್ಟ್ಜ್‌ವರೆಗಿನ ಶಾರ್ಟ್‌ವೇವ್ ತುಂಬ ಹರಡುತ್ತವೆ. ಮನೆಯ ವೈರಿಂಗೇ ಅವಕ್ಕೆ ಏರಿಯಲ್. ಇಂಥ ಚಾರ್ಜರ್ ಬಿಚ್ಚಿದಾಗ ನೋಡಿದ್ದೇನೆ: ಬೋರ್ಡಿನಲ್ಲಿ ಗದ್ದಲ ತಡೆಯುವ ಫಿಲ್ಟರ್ ಕಾಯಿಲ್‌ಗೆ ಜಾಗ ಇದೆ, ಕಾಯಿಲ್ ಇಲ್ಲ. ಬದಲಿಗೆ ತುಂಡು ತಂತಿ ಬೆಸೆದು ಕೈತೊಳೆದುಕೊಂಡಿರುತ್ತಾರೆ. ನೀವು ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಕೂತಿರಬಹುದು.

ಎಲ್ಲ ಆಫ್ ಮಾಡಿದರೂ ಸದ್ದು ನಿಲ್ಲದಿದ್ದರೆ ಪಕ್ಕದ ಮನೆಯೋ, ಕಂಬವೋ ಇರಬಹುದು. ಬಿಸಿಲಿರುವಾಗ ಮಾತ್ರ ಬರುವ ಗದ್ದಲವಾದರೆ ಹತ್ತಿರದ ಚಾವಣಿಯ ಸೋಲಾರ್ ಇನ್ವರ್ಟರ್ ಮೇಲೆ ನನಗೆ ಅನುಮಾನ. ಸಕಲೇಶಪುರದ ಕಡೆಯ ತೋಟದವರೊಬ್ಬರ ರೇಡಿಯೊದಲ್ಲಿ ಸೆಕೆಂಡಿಗೊಂದು ಟಕ್, ಟಕ್. ಅದು ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ. ತಂತಿಗೆ ತಾಗಿದ್ದ ಲಂಟಾನ ಸವರಿದರು, ಸದ್ದು ಬಹಳ ಕಡಿಮೆಯಾಯಿತು. ಕಂಬದ ವಿಷಯವಾದರೆ ಲೈನ್‌ಮನ್‌ಗೆ ಹೇಳಿ. ಕಂಬ ಅಲ್ಲಾಡಿಸಿ ಪರೀಕ್ಷೆ ಮಾಡುವ ಪುಣ್ಯಾತ್ಮರಿದ್ದಾರೆ, ದಯವಿಟ್ಟು ಬೇಡ.

ಕಳ್ಳ ಯಾವ ಕೋಣೆಯಲ್ಲಿದ್ದಾನೆ ಅಂತ ಹುಡುಕಲು ಸಣ್ಣ ಟ್ರಾನ್ಸಿಸ್ಟರ್ ಸಾಕು. ಮೀಡಿಯಂ ವೇವ್‌ನಲ್ಲಿ, ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಮನೆಯೆಲ್ಲ ಓಡಾಡಿ. ಅದರೊಳಗೆ ಏರಿಯಲ್ ಆಗಿರುವ ಕಪ್ಪು ಫೆರೈಟ್ ಕಡ್ಡಿಗೆ ದಿಕ್ಕು ತಿಳಿಯುತ್ತದೆ. ರೇಡಿಯೊ ತಿರುಗಿಸಿದಾಗ ಸದ್ದು ತಗ್ಗಿದರೆ, ಕಡ್ಡಿಯ ತುದಿ ತೋರುವ ಕಡೆಗೇ ನಡೆಯಿರಿ. ಶಾರ್ಟ್‌ವೇವ್‌ನ ಎಳೆಯುವ ಏರಿಯಲ್‌ನಲ್ಲಿ ಈ ಆಟ ನಡೆಯಲ್ಲ.

ಆಮೇಲೆ ಬಲ್ಬೋ ಚಾರ್ಜರೋ ಬದಲಾಯಿಸಿ. ಆಗದಿದ್ದರೆ ಅದರ ವೈರನ್ನು ಫೆರೈಟ್ ಬಳೆಯೊಳಗೆ ನಾಲ್ಕೈದು ಸುತ್ತು ಸುತ್ತಿ. ಒಂದೇ ಸಲ ತೂರಿಸಿದರೆ ಅಷ್ಟು ಗುಣ ಕಾಣಲ್ಲ. ರೇಡಿಯೊವನ್ನು ಕಿಟಕಿ ಹತ್ತಿರ ಇಡಿ. ಮತ್ತೆ, ನಡುಮಧ್ಯಾಹ್ನ 49 ಮೀಟರ್ ಬ್ಯಾಂಡ್ ಹಾಕಿ ‘ಏನೂ ಸಿಗಲ್ಲ’ ಅನ್ನಬೇಡಿ. ಆ ಹೊತ್ತಿಗೆ ದೂರದ ಸ್ಟೇಷನ್ ಅಲ್ಲಿ ಸಿಗುವುದೇ ಕಷ್ಟ. ಕತ್ತಲಾದ ಮೇಲೆ ಹಾಕಿ ನೋಡಿ, ಆಗಲೂ ಬರದಿದ್ದರೆ ಅಂಗಡಿಗೆ ತನ್ನಿ.