ಒಂದಕ್ಕೆ ಕೊಟ್ಟ ಮಾಹಿತಿ, ಇನ್ನೊಂದಕ್ಕೆ ಬಳಕೆ

ಸರ್ಕಾರಿ ಡೇಟಾ ಯೋಜನೆಯೊಂದು ಪರಿಶೀಲನೆಗೆ ಬಂದಾಗ ನಾನು ಮೊದಲು ಸಾಫ್ಟ್‌ವೇರ್ ನೋಡುವುದಿಲ್ಲ. ಈ ಮಾಹಿತಿಯನ್ನು ಜನ ಯಾವ ಕೆಲಸಕ್ಕೆ ಅಂತ ಕೊಟ್ಟಿದ್ದರು ಎಂದು ಕೇಳುತ್ತೇನೆ. ಬಿಗ್ ಡೇಟಾದ, ಅಂದರೆ ಭಾರೀ ಪ್ರಮಾಣದ ಮಾಹಿತಿಯನ್ನು ಒಟ್ಟುಹಾಕಿ ಬಳಸುವುದರ, ತಕರಾರುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಅಲ್ಲಿಂದ.

ಆಸ್ಟ್ರೇಲಿಯಾದ ‘ರೋಬೋಡೆಟ್’ ಪ್ರಕರಣವನ್ನೇ ನೋಡಿ. ತೆರಿಗೆ ಇಲಾಖೆಯ ಬಳಿ ಇದ್ದದ್ದು ಜನರ ಇಡೀ ವರ್ಷದ ಆದಾಯದ ಲೆಕ್ಕ. ಸರ್ಕಾರದ ನೆರವಿನ ಹಣ ನಿಗದಿಯಾಗುತ್ತಿದ್ದುದು ಎರಡೆರಡು ವಾರದ ಗಳಿಕೆ ನೋಡಿ. ಕಂಪ್ಯೂಟರ್ ಏನು ಮಾಡಿತು? ವರ್ಷದ ಆದಾಯವನ್ನು 26ರಿಂದ ಭಾಗಿಸಿತು, ಎಲ್ಲ ಕಂತಿನಲ್ಲೂ ಅಷ್ಟೇ ಗಳಿಕೆ ಅಂತ ಹಿಡಿಯಿತು. ಆರು ತಿಂಗಳು ದುಡಿದು, ಇನ್ನಾರು ತಿಂಗಳು ಕೆಲಸವಿಲ್ಲದೆ ನೆರವು ಪಡೆದವರು ಖಾಲಿ ಕೂತ ದಿನಗಳಲ್ಲೂ ಸಂಬಳ ಎಣಿಸಿದಂತೆ ಕಂಡರು. ಜಾಸ್ತಿ ಪಡೆದಿದ್ದೀರಿ, ವಾಪಸ್ ಕಟ್ಟಿ ಎಂದು ನೋಟಿಸ್ ಹೋಯಿತು. ಇದು ತಪ್ಪು ಅಂತ ತೋರಿಸಲು ವರ್ಷಗಳ ಹಿಂದಿನ ಸಂಬಳದ ಚೀಟಿ ಹುಡುಕುವ ಹೊಣೆಯೂ ಅವರ ತಲೆಗೇ ಬಂತು. ಈ ಯೋಜನೆ ನ್ಯಾಯವೂ ಅಲ್ಲ, ಕಾನೂನಿಗೆ ಒಪ್ಪುವಂಥದ್ದೂ ಅಲ್ಲ ಎಂದು 2023ರಲ್ಲಿ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ತನಿಖಾ ಆಯೋಗ) ಹೇಳಿತು.

ಎರಡೂ ಕಡೆಯ ಅಂಕಿ ಸರಿಯಿದ್ದರೂ ಈ ಲೆಕ್ಕ ತಪ್ಪಾಗುತ್ತದೆ, ಅಲ್ವಾ? ಡೇಟಾ ಗುಣಮಟ್ಟದ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಜೋಡಣೆಯ ತಪ್ಪನ್ನು ಸುಮ್ನೆ ದಾಟಿಬಿಡುತ್ತಾರೆ.

ಮಾಹಿತಿಯಿಂದ ಹೆಸರು ಅಳಿಸಿದರೆ ಸಾಕು, ಅದು ಯಾರದು ಅಂತ ಗೊತ್ತಾಗುವುದಿಲ್ಲ ಎಂಬ ಸಮಾಧಾನವೂ ಉಂಟು. ಅದು ಗಟ್ಟಿಯಲ್ಲ. ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ಸೇರಿ ಶೇ 87ರಷ್ಟು ಅಮೆರಿಕನ್ನರನ್ನು ಬಹುಮಟ್ಟಿಗೆ ಬೇರೆಯಾಗಿ ಗುರುತಿಸಬಲ್ಲವು ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ 1990ರ ಜನಗಣತಿಯ ಅಂಕಿಅಂಶ ಇಟ್ಟುಕೊಂಡು ತೋರಿಸಿದ್ದರು.

ಎಸ್ಟೋನಿಯಾ ಬೇರೆ ದಾರಿ ಹಿಡಿಯಿತು. 2001ರಿಂದ ಅಲ್ಲಿರುವ, ಇಲಾಖೆಗಳ ನಡುವೆ ಮಾಹಿತಿ ಸಾಗಿಸುವ ‘ಎಕ್ಸ್-ರೋಡ್’ ಜಾಲದಲ್ಲಿ ಮಾಹಿತಿ ಆಯಾ ಇಲಾಖೆಯಲ್ಲೇ ಉಳಿಯುತ್ತದೆ, ಬೇಕಾದಷ್ಟನ್ನು ಮಾತ್ರ ಇನ್ನೊಂದು ಇಲಾಖೆ ಕೇಳಿ ಪಡೆಯುತ್ತದೆ. ತಮ್ಮ ದಾಖಲೆಯನ್ನು ಯಾರು ತೆರೆದರು ಎಂದು ಜನ ಬಹಳಷ್ಟು ಕಡೆ ತಾವೇ ನೋಡಬಹುದು. ನನಗೆ ಇದು ಇಷ್ಟ. ಆದರೆ ಯಾರು ನೋಡಿದರು ಎಂಬುದು ಗೊತ್ತಾದ ಮಾತ್ರಕ್ಕೆ ನನ್ನ ಅರ್ಜಿ ಯಾಕೆ ತಿರಸ್ಕಾರವಾಯಿತು ಎಂಬುದು ಗೊತ್ತಾಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸರ್ಕಾರಿ ನೆರವಿನ ವಂಚನೆ ಪತ್ತೆಗೆ ಇದ್ದ ‘ಸಿರಿ’ ವ್ಯವಸ್ಥೆ (ಫೋನಿನ ಸಿರಿ ಅಲ್ಲ) 2020ರಲ್ಲಿ ಹೇಗ್ ನ್ಯಾಯಾಲಯದಲ್ಲಿ ಬಿದ್ದದ್ದು ಇಂಥ ಕಡೆಯೇ. ಅದು ಯಾವ ಲೆಕ್ಕದಲ್ಲಿ ಜನರನ್ನು ಅನುಮಾನಿಸುತ್ತಿತ್ತು ಎಂದು ಹೊರಗಿನವರು ಪರೀಕ್ಷಿಸುವಂತೆಯೇ ಇರಲಿಲ್ಲ.

ಹಾಗಾಗಿ ಟೆಂಡರ್ ಕರೆಯುವಾಗಲೇ ಕಂಪನಿಗೆ ಒಂದು ಷರತ್ತು ಹಾಕಿ ಅನ್ನುತ್ತೇನೆ. ಲೆಕ್ಕದ ಸೂತ್ರ ವ್ಯಾಪಾರದ ಗುಟ್ಟು ಎನ್ನುವ ಹಾಗಿಲ್ಲ. ಸಹಿ ಬಿದ್ದ ಮೇಲೆ ಕೇಳಿದರೆ ಅದಕ್ಕೆ ಬೇರೆ ಬಿಲ್ ಬರುತ್ತದೆ.