ಅಡಿಕೆಗೆ ಸೋಲುವ ಹುಳ

ನನ್ನ ಗೆಳೆಯನೊಬ್ಬ ಸೀಗಡಿ ಸಾಕುತ್ತಾನೆ. ತಿನ್ನುವುದಕ್ಕಲ್ಲ, ಸುಮ್ನೆ ಕೂತು ನೋಡುವುದಕ್ಕೆ. ಎರಡು ಅಡಿ ಗಾಜಿನ ತೊಟ್ಟಿ, ಒಳಗೆ ಒಂದಿಷ್ಟು ಪಾಚಿ, ಗಿಡ, ಮರದ ಬೇರು, ಅವುಗಳ ಮೇಲೆ ಓಡಾಡುವ ಉಗುರುದ್ದದ ಕೆಂಪು ಸೀಗಡಿಗಳು. ಹೋದ ಮಳೆಗಾಲದಲ್ಲಿ ಅಂಗಡಿಯೊಂದರಿಂದ ಹೊಸ ಗಿಡ ತಂದು ನೆಟ್ಟ. ತಿಂಗಳು ಕಳೆಯುವುದರೊಳಗೆ, ರಾತ್ರಿ ದೀಪ ಆರಿಸಿದ ಮೇಲೆ ಗಾಜಿನ ಮೇಲೆ ಏನೋ ಜಾರಾಡತೊಡಗಿತು. ಬೂದು ಬಣ್ಣ. ಅಕ್ಕಿ ಕಾಳಿಗಿಂತ ತುಸು ಉದ್ದ, ತೀರಾ ತೆಳು. ತ್ರಿಕೋನದ ತಲೆ, ಅದರ ಮೇಲೆ ಎರಡು ಮೆಳ್ಳೆಗಣ್ಣು. ಇತ್ತ ಮರಿ ಸೀಗಡಿಗಳು ಕಡಿಮೆಯಾಗುತ್ತಾ ಬಂದವು.

"ಪ್ಲನೇರಿಯಾ ಮಾರಾಯ. ಔಷಧಿ ತರಿಸಿದ್ದೀನಿ" ಎಂದ ಫೋನಿನಲ್ಲಿ. ಹೊರದೇಶದ ಪುಡಿ. ಚಿಕ್ಕ ಪೊಟ್ಟಣಕ್ಕೆ ದೊಡ್ಡ ಬೆಲೆ. ಅವನ ಮನೆಗೆ ಹೋದಾಗ ಪೊಟ್ಟಣದ ಹಿಂಬದಿ ಓದಿದೆ. ಅದರಲ್ಲಿದ್ದದ್ದು ಅಡಿಕೆಯ ಸಾರ! ಇವನೋ ತೀರ್ಥಹಳ್ಳಿಯವನು. ಅಂಗಳದ ತುಂಬ ಅಡಿಕೆ ಹರವುವ ಮನೆಯಲ್ಲಿ ಬೆಳೆದವನು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಪುಡಿಯಲ್ಲಿ ಮೋಸವೇನೂ ಇಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ರಾಸಾಯನಿಕವಿದೆ. ಹೊಸದಾಗಿ ಅಡಿಕೆ ಜಗಿದವರಿಗೆ ಮೈ ಬಿಸಿಯಾಗಿ ಬೆವರು ಬರುತ್ತದಲ್ಲ, ಅದು ಇದರ ಕೆಲಸ. ನರಗಳು ಕಳಿಸುವ ಸುದ್ದಿಯ ನಡುವೆ ಇದು ಬಾಯಿ ಹಾಕುತ್ತದೆ. ಚಪ್ಪಟೆ ಹುಳಗಳಿಗೆ ಅದನ್ನು ತಾಳಿಕೊಳ್ಳಲು ಆಗುವುದಿಲ್ಲ. ಕಳೆದ ಶತಮಾನದಲ್ಲಿ ಪಶುವೈದ್ಯರು ನಾಯಿಯ ಹೊಟ್ಟೆಯ ಲಾಡಿ ಹುಳ ಬಿಡಿಸಲು ಅರೆಕೋಲಿನ್ ಕೊಡುತ್ತಿದ್ದರು. ಹುಳ ಕರುಳಿನ ಹಿಡಿತ ಬಿಡುತ್ತಿತ್ತು, ನಾಯಿಗೆ ಭೇದಿಯಾಗಿ ಹೊರಗೆ ಬೀಳುತ್ತಿತ್ತು. ಆ ಲಾಡಿ ಹುಳವೂ ಗಾಜಿನ ಮೇಲೆ ಜಾರುವ ಈ ಪ್ಲನೇರಿಯಾವೂ ದಾಯಾದಿಗಳು. ಚಪ್ಪಟೆ ಹುಳಗಳ ಬಳಗದಲ್ಲಿ ಅರ್ಧಕ್ಕಿಂತ ಜಾಸ್ತಿ ಜಾತಿಗಳು ಬೇರೆ ಪ್ರಾಣಿಗಳ ಮೈ ಸೇರಿ ಬದುಕುವಂಥವು. ಉಳಿದವು ಕೆರೆ, ತೊರೆ, ಸಮುದ್ರ, ಒದ್ದೆ ಮಣ್ಣಿನಲ್ಲಿ ತಮ್ಮ ಪಾಡಿಗೆ ತಾವು ದುಡಿದು ತಿನ್ನುತ್ತವೆ.

ಪುಡಿ ಹಾಕುವ ಮೊದಲು ನನಗೊಂದು ಹುಳ ಕೊಡು ಎಂದೆ. ಹಳೆಯ ಉಪ್ಪಿನಕಾಯಿ ಬಾಟಲಿಯನ್ನು ನಾಲ್ಕು ಸಲ ತೊಳೆದು, ತೊಟ್ಟಿಯದೇ ನೀರು ತುಂಬಿ, ಒಂದನ್ನು ಡ್ರಾಪರಿನಲ್ಲಿ ಎಳೆದು ಒಳಗೆ ಬಿಟ್ಟು ಕೊಟ್ಟ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಪ್ಲನೇರಿಯಾ ಎಂದರೆ ಒಂದೇ ನೆನಪು: ಕತ್ತರಿಸಿದರೆ ಎರಡಾಗುತ್ತದೆ. ನನಗೂ ಅಷ್ಟೇ ಇತ್ತು. ಬಾಟಲಿ ಕಿಟಕಿಯ ಹತ್ತಿರ ಇಟ್ಟುಕೊಂಡು ಕೂತಾಗ ಹೊಳೆದ ಪ್ರಶ್ನೆ ಬೇರೆ. ಕೆರೆಯ ನೀರಿನಲ್ಲಿ ಬ್ಲೇಡು ಹಿಡಿದವರು ಯಾರಿದ್ದಾರೆ? ತುಂಡಾದರೂ ಬದುಕುವ ಈ ವಿದ್ಯೆ ಹುಳಕ್ಕೆ ಯಾಕೆ ಬೇಕಾಯಿತು?

ಮೊದಲು ಅದರ ಮೈ ನೋಡೋಣ. ಅದಕ್ಕೆ ರಕ್ತ ಇಲ್ಲ, ಹೃದಯ ಇಲ್ಲ, ಕಿವಿರು ಇಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಚರ್ಮದ ಮೂಲಕವೇ ಇಳಿದು ಒಳಗಿನ ಪ್ರತಿ ಕೋಶವನ್ನೂ ಮುಟ್ಟಬೇಕು. ಹಾಗೆ ಇಳಿಯುವ ಗಾಳಿ ಜಾಸ್ತಿ ದೂರ ಹೋಗುವುದಿಲ್ಲ. ಮೈ ದಪ್ಪಗಿದ್ದರೆ ನಡುವಿನ ಕೋಶಗಳು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಹುಳ ಚಪ್ಪಟೆ. ಊಟ ಹಂಚುವುದಕ್ಕೂ ರಕ್ತನಾಳ ಇಲ್ಲವಲ್ಲ, ಅದಕ್ಕೆ ಕರುಳೇ ಎಲೆಯ ನರಗಳ ಹಾಗೆ ಕವಲೊಡೆದು ಮೈತುಂಬ ಹರಡಿಕೊಂಡಿದೆ. ಒಂದು ಕವಲು ತಲೆಯ ಕಡೆಗೆ, ಎರಡು ಬಾಲದ ಕಡೆಗೆ, ಅವುಗಳಿಂದ ನೂರಾರು ಸಣ್ಣ ಕೊಂಬೆಗಳು.

ಬಾಯಿ ಎಲ್ಲಿದೆ ಗೊತ್ತಾ? ಹೊಟ್ಟೆಯ ನಡುವೆ. ಗೆಳೆಯ ಹೇಳಿದ ಹಾಗೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಸಾಸಿವೆಯಷ್ಟು ಹಾಕಿದೆ. ಹುಳ ತಲೆ ಆಡಿಸುತ್ತಾ ಬಂತು. ತಲೆಯ ಎರಡು ಬದಿಗೆ ಕಿವಿಯಂತೆ ಚಾಚಿರುವ ಮೂಲೆಗಳಿವೆ, ಆದರೆ ಅವು ಕೇಳುವುದಿಲ್ಲ, ವಾಸನೆ ಹಿಡಿಯುತ್ತವೆ. ತಿಂಡಿಯನ್ನು ದಾಟಿ ಮುಂದಕ್ಕೆ ಹೋಗಿ ಅದರ ಮೇಲೆ ಮಲಗಿತು. ಆಮೇಲೆ ಹೊಟ್ಟೆಯಿಂದ ಬಿಳಿಯ ಕೊಳವೆಯೊಂದು ಆನೆಯ ಸೊಂಡಿಲಿನಂತೆ ಹೊರಬಂತು. ಅದು ಪಾಚಕ ರಸ ಉಗುಳಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಬೂದು ಮೈಯೊಳಗೆ ಹಳದಿ ಕವಲುಗಳು ಮೂಡಿದವು, ಯಾರೋ ಒಳಗಿನಿಂದ ಬಣ್ಣ ಬಳಿದ ಹಾಗೆ. ಜೀರ್ಣವಾಗದೆ ಉಳಿದದ್ದು ಅದೇ ಬಾಯಿಂದ ವಾಪಸ್ ಬರುತ್ತದೆ. ಇನ್ನೊಂದು ಬಾಗಿಲನ್ನು ಮಾಡಿಕೊಟ್ಟಿಲ್ಲ.

ನಡಿಗೆಯೂ ವಿಚಿತ್ರ. ಜಿಗಣೆಯ ಹಾಗೆ ಬಾಗಿ ಚಾಚುವುದಿಲ್ಲ, ಹಾವಿನ ಹಾಗೆ ತೆವಳುವುದಿಲ್ಲ. ಇಡೀ ಮೈ ಅಲುಗಾಡದೆ ಮುಂದಕ್ಕೆ ಸಾಗುತ್ತದೆ. ಹೊಟ್ಟೆಯ ಕೆಳಗೆ ಲೋಳೆ ಸುರಿಸಿಕೊಂಡು, ಅದರ ಮೇಲೆ ಸಾವಿರಾರು ಸೂಕ್ಷ್ಮ ರೋಮಗಳನ್ನು ಬಡಿಯುತ್ತಾ ಜಾರುತ್ತದೆ. ಟಾರ್ಚ್ ಬಿಟ್ಟರೆ ಮಾತ್ರ ತಿರುಗಿ ಓಟ. ಬೆಳಕೆಂದರೆ ಅದಕ್ಕೆ ಆಗದು.

ಬೆಳಕಿನ ವಿಷಯದಲ್ಲಿ ಬೆಂಗಳೂರಿನಲ್ಲೇ ಒಂದು ಚಂದದ ಕೆಲಸ ನಡೆದಿದೆ. ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆ ಆವರಣದ ಕಡೆ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಲೆಯನ್ನೇ ತೆಗೆದ ಹುಳಗಳ ಮೇಲೆ ಬೆಳಕು ಬಿಟ್ಟು ನೋಡಿದ್ದರು. ಕಣ್ಣಿಲ್ಲ, ಮಿದುಳಿಲ್ಲ. ಆದರೂ ನೇರಳಾತೀತ ಬೆಳಕು ಬಿದ್ದರೆ ಮೈ ಪಕ್ಕಕ್ಕೆ ಸರಿಯುತ್ತಿತ್ತು. ಅಂದರೆ ಚರ್ಮಕ್ಕೂ ಅದರದೇ ಒಂದು ಬಗೆಯ ನೋಟವಿದೆ. ಹೊಸ ತಲೆ, ಹೊಸ ಕಣ್ಣು ಮೂಡಿದ ಮೇಲೂ ನೋಡುವ ಕಲೆ ಒಂದೇ ಸಲಕ್ಕೆ ವಾಪಸ್ ಬರಲಿಲ್ಲ. ಮೊದಲು ಬೆಳಕು ಕತ್ತಲೆಯ ವ್ಯತ್ಯಾಸ ತಿಳಿಯಿತು. ಬಣ್ಣ ಬಣ್ಣಗಳ ನಡುವಿನ ಸಣ್ಣ ಅಂತರ ಗುರುತಿಸುವ ಶಕ್ತಿ ಎಷ್ಟೋ ದಿನಗಳ ನಂತರ ಬಂತು.

ಇಷ್ಟು ಮೆತ್ತಗಿನ ಪ್ರಾಣಿ ಎಂದು ಮೋಸ ಹೋಗಬೇಡಿ, ಇವು ಬೇಟೆಗಾರರು. ಬ್ರಿಟನ್ನಿನ ಸರೋವರಗಳಲ್ಲಿ ಇವು ಊಟವನ್ನು ಪಾಲು ಮಾಡಿಕೊಂಡಿವೆ. ಒಂದು ಜಾತಿ ಮುಖ್ಯವಾಗಿ ಬಸವನ ಹುಳ ತಿಂದರೆ, ಇನ್ನೊಂದು ಕೆಸರಿನ ಎರೆಹುಳ ಜಾತಿಯವನ್ನು, ಹಾಲುಬಣ್ಣದ ಮತ್ತೊಂದು ಸೀಗಡಿಯ ದೂರದ ನಂಟಿನ ಸಣ್ಣ ನೀರಿನ ಜೀವಿಗಳನ್ನು ತಿನ್ನುತ್ತದೆ. ಆಹಾರಕ್ಕೆ ಬರ ಬಂದಾಗ ಒಬ್ಬರನ್ನೊಬ್ಬರು ಮುಗಿಸದೆ ಉಳಿದಿರುವುದು ಈ ಪಾಲಿನಿಂದಲೇ. ಯುರೋಪಿನ ಬೆಟ್ಟದ ತೊರೆಗಳಲ್ಲಿ ಪಾಲು ಆಗುವುದು ತಂಪಿನಲ್ಲಿ. ಊಟೆಯ ಬಾಯಲ್ಲಿ, ನೀರು ವರ್ಷವಿಡೀ ಕೊರೆಯುವ ಕಡೆ, ಕ್ರೆನೋಬಿಯಾ ಆಲ್ಪೈನಾ ಎಂಬ ಹುಳ ಇರುತ್ತದೆ. ಕೆಳಗೆ ಇಳಿದು ನೀರು ಬೆಚ್ಚಗಾದಂತೆ ಬೇರೆ ಜಾತಿಗಳು ಸಿಗುತ್ತವೆ. ಹಿಮಯುಗದಲ್ಲಿ ಎಲ್ಲೆಡೆ ಇದ್ದ ಕ್ರೆನೋಬಿಯಾ, ಭೂಮಿ ಬೆಚ್ಚಗಾದ ಮೇಲೆ ಈ ಊಟೆಗಳಿಗೆ ಹಿಮ್ಮೆಟ್ಟಿ ಉಳಿದುಕೊಂಡಿತು. ತೊರೆ ಇನ್ನೂ ಬಿಸಿಯಾದರೆ ಅದಕ್ಕೆ ಮೇಲೆ ಹೋಗಲು ಜಾಗವಿಲ್ಲ.

ಇನ್ನೂ ಚಿಕ್ಕ ಸಂಬಂಧಿಕರ ಕಸುಬು ಇನ್ನೂ ಜೋರು. ಮೀಸೋಸ್ಟೋಮಾ ಎಂಬ ಗಾಜಿನಂಥ ಹುಳ ಲೋಳೆಯ ಎಳೆ ಬಿಟ್ಟು ಜೇಡರ ಬಲೆಯ ಹಾಗೆ ನೀರುಚಿಗಟಗಳನ್ನು ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದ ಭತ್ತದ ಗದ್ದೆಗಳಲ್ಲಿ ಇದು ಸೊಳ್ಳೆ ಮರಿಗಳನ್ನು ತಿಂದು ತಗ್ಗಿಸುತ್ತದೆ ಎಂಬ ವರದಿ 1979ರಲ್ಲೇ ಬಂದಿತ್ತು. ಇದರ ಮೊಟ್ಟೆಗಳಲ್ಲಿ ಎರಡು ಬಗೆ. ತೆಳು ಚಿಪ್ಪಿನವು ತಾಯಿಯ ಮೈಯೊಳಗೇ ಒಡೆದು ಮರಿಯಾಗುತ್ತವೆ. ದಪ್ಪ ಚಿಪ್ಪಿನವು ಕೆಟ್ಟ ಕಾಲ ಕಳೆಯುವವರೆಗೆ ಕೆಸರಿನಲ್ಲಿ ಕಾಯುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೈಕ್ರೋಸ್ಟೋಮಮ್. ಅದು ಹೈಡ್ರಾ ಎಂಬ ಪುಟ್ಟ ನೀರಿನ ಜೀವಿಯನ್ನು ತಿನ್ನುತ್ತದೆ. ಹೈಡ್ರಾದ ಮೈಮೇಲೆ ಸ್ಪ್ರಿಂಗಿನ ಹಾಗೆ ಸಿಡಿಯುವ ಕುಟುಕು ಕೋಶಗಳಿರುತ್ತವೆ. ಹುಳ ಉಳಿದದ್ದನ್ನು ಅರಗಿಸಿಕೊಂಡು ಆ ಕುಟುಕುಗಳನ್ನು ಮಾತ್ರ ಹಾಗೇ ಉಳಿಸಿಕೊಳ್ಳುತ್ತದೆ. ಕರುಳಿನಿಂದ ಚರ್ಮಕ್ಕೆ ಸಾಗಿಸಿ, ಹೊರಮುಖವಾಗಿ ನಿಲ್ಲಿಸಿ, ತನ್ನ ರಕ್ಷಣೆಗೆ ಬಳಸುತ್ತದೆ. ಶತ್ರುವಿನ ಬಂದೂಕನ್ನು ನುಂಗಿ ತನ್ನ ಹೆಗಲಿಗೇರಿಸಿದ ಹಾಗೆ.

ಈಗ ನಮ್ಮ ಪ್ರಶ್ನೆಗೆ ವಾಪಸ್ ಬರೋಣ. ಊಟ ಸಿಗದಿದ್ದರೆ ಪ್ಲನೇರಿಯಾ ಏನು ಮಾಡುತ್ತದೆ? ನಾವು ಉಪವಾಸ ಬಿದ್ದರೆ ಸೊರಗುತ್ತೇವೆ. ಅದು ಕುಗ್ಗುತ್ತದೆ. 20 ಮಿಲಿಮೀಟರ್ ಇದ್ದ ಹುಳ ತಿಂಗಳುಗಟ್ಟಲೆ ಉಪವಾಸದಲ್ಲಿ 1 ಮಿಲಿಮೀಟರಿಗೆ ಇಳಿಯಬಲ್ಲದು. ಕೋಶಗಳು ಚಿಕ್ಕವಾಗುವುದಿಲ್ಲ, ಲೆಕ್ಕ ಕಡಿಮೆಯಾಗುತ್ತದೆ. ತಲೆ, ಕಣ್ಣು, ಕರುಳು ಎಲ್ಲವೂ ಅಳತೆ ತಪ್ಪದೆ ಒಟ್ಟೊಟ್ಟಿಗೆ ಸಣ್ಣದಾಗುತ್ತವೆ. ಊಟ ಹಾಕಿದರೆ ಮತ್ತೆ ದೊಡ್ಡದಾಗುತ್ತದೆ. ಹೀಗೆ ಬದುಕಬೇಕೆಂದರೆ ಮೈಯನ್ನು ದಿನವೂ ಬಿಚ್ಚಿ ಕಟ್ಟುವ ಮೇಸ್ತ್ರಿಗಳು ಒಳಗೇ ಇರಬೇಕು ಅಲ್ವಾ?

ಸಂತಾನದ್ದೂ ಅದೇ ಕಥೆ. ಒಂದೇ ಹುಳದಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಎರಡು ಹುಳ ಕೂಡಿ, ಸಾಸಿವೆ ಕಾಳಿನಂಥ ಮೊಟ್ಟೆಚೀಲ ಇಡುವ ಜಾತಿಗಳಿವೆ. ಒಂದೊಂದು ಚೀಲದಿಂದ ಹಲವು ಮರಿಗಳು ಬರುತ್ತವೆ. ಆದರೆ ಎಷ್ಟೋ ಹುಳಗಳು ಈ ಗೋಜಿಗೇ ಹೋಗುವುದಿಲ್ಲ. ಕತ್ತಲಲ್ಲಿ, ಸದ್ದುಗದ್ದಲ ಇಲ್ಲದ ಹೊತ್ತಿನಲ್ಲಿ, ಬಾಲವನ್ನು ನೆಲಕ್ಕೆ ಗಟ್ಟಿಯಾಗಿ ಅಂಟಿಸಿಕೊಳ್ಳುತ್ತವೆ. ತಲೆಯ ಭಾಗ ಮುಂದಕ್ಕೆ ಎಳೆಯುತ್ತದೆ. ನಡು ಸಣ್ಣದಾಗಿ, ದಾರದಂತಾಗಿ, ಕೊನೆಗೆ ಹರಿದು ಹೋಗುತ್ತದೆ. ತಲೆ ಹೊಸ ಬಾಲ ಬೆಳೆಸಿಕೊಳ್ಳುತ್ತದೆ, ಬಾಲ ಹೊಸ ತಲೆ. ಬ್ಲೇಡು ಬೇಕಾಗಿಯೇ ಇಲ್ಲ, ಅದು ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಬೆರಗಾಗಿ ನೋಡುವುದು ಅದರ ಹೆರಿಗೆಯನ್ನು. ಗೆಳೆಯನ ತೊಟ್ಟಿ ತಿಂಗಳಲ್ಲಿ ತುಂಬಿದ್ದಕ್ಕೂ, ಗಿಡಕ್ಕೆ ಅಂಟಿದ ಒಂದೇ ಹುಳ, ಅಥವಾ ಒಂದು ತುಂಡೇ ಸಾಕಿತ್ತು.

ಎಷ್ಟು ಚಿಕ್ಕ ತುಂಡು ಸಾಕು? ಅಮೆರಿಕದ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಲೆಕ್ಕ ಹಾಕಿದ್ದು, ಹುಳದ 279ನೇ ಒಂದು ಭಾಗ. ಮಾರ್ಗನ್ ಮುಂದೆ ಹಣ್ಣಿನ ನೊಣಗಳ ಕಡೆ ಹೋದರು, ಅನುವಂಶೀಯತೆಯ ಕೆಲಸಕ್ಕೆ 1933ರಲ್ಲಿ ನೊಬೆಲ್ ಪಡೆದರು. ಹುಳದ ಗುಟ್ಟು ಬಿಡಿಸಲು ಬೇಕಾದ ಉಪಕರಣಗಳು ಅವರ ಕಾಲಕ್ಕೆ ಇರಲಿಲ್ಲ.

ಮೇಸ್ತ್ರಿಗಳ ಹೆಸರು ನಿಯೋಬ್ಲಾಸ್ಟ್. ಮೈಯ ಕೋಶಗಳಲ್ಲಿ ಸುಮಾರು ಐದರಲ್ಲಿ ಒಂದು ಇಂಥದ್ದು. ಹುಳದಲ್ಲಿ ಒಡೆದು ಇಮ್ಮಡಿಯಾಗುವ ಕೆಲಸ ಇವುಗಳದ್ದೇ. ಚರ್ಮ, ನರ, ಕಣ್ಣು ಎಲ್ಲ ಇವುಗಳ ಮಕ್ಕಳು. ಅಮೆರಿಕದ ವೈಟ್‌ಹೆಡ್ ಸಂಸ್ಥೆಯಲ್ಲಿ 2011ರಲ್ಲಿ ನಡೆದ ಪ್ರಯೋಗ ನೋಡಿ. ವಿಕಿರಣ ಹಾಯಿಸಿ ಒಂದು ಹುಳದ ಎಲ್ಲ ನಿಯೋಬ್ಲಾಸ್ಟ್‌ಗಳನ್ನೂ ಕೊಂದರು. ಅಂಥ ಹುಳ ಕೆಲವೇ ವಾರಗಳಲ್ಲಿ ಸಾಯಬೇಕು, ಏಕೆಂದರೆ ಸವೆದದ್ದನ್ನು ತುಂಬುವವರಿಲ್ಲ. ಅದಕ್ಕೆ ಬೇರೊಂದು ತಳಿಯ ಹುಳದಿಂದ ತೆಗೆದ ಒಂದೇ ಒಂದು ನಿಯೋಬ್ಲಾಸ್ಟ್ ಚುಚ್ಚಿದರು. ಆ ಒಂಟಿ ಕೋಶ ಬೆಳೆದು ಹುಳವನ್ನು ಉಳಿಸಿದ್ದಷ್ಟೇ ಅಲ್ಲ, ನಿಧಾನಕ್ಕೆ ಇಡೀ ಮೈ ದಾನಿಯ ತಳಿಗೆ ಬದಲಾಯಿತು. ಉಳಿದದ್ದು ಯಾವ ಹುಳ, ಹೋದದ್ದು ಯಾವುದು ಎಂದು ಯೋಚಿಸುತ್ತಾ ಒಂದು ರಾತ್ರಿ ನಿದ್ದೆ ಕೆಟ್ಟಿದ್ದೇನೆ.

ಮೇಸ್ತ್ರಿಗಳಿದ್ದರೆ ಸಾಲದು, ಎಲ್ಲಿ ಏನು ಕಟ್ಟಬೇಕೆಂದು ಹೇಳುವವರೂ ಬೇಕು. ಆ ಕೆಲಸ ಸ್ನಾಯು ಕೋಶಗಳದ್ದು. ಪಿನ್ ಕೋಡಿನ ಹಾಗೆ "ಇದು ತಲೆಯ ಬೀದಿ, ಇದು ಬಾಲದ ಬೀದಿ" ಎಂಬ ಸಂಕೇತ ಬಿಡುತ್ತಿರುತ್ತವೆ. ಈ ಸಂಕೇತದ ಸರಪಳಿಯಲ್ಲಿ ಬೀಟಾ ಕ್ಯಾಟೆನಿನ್ ಎಂಬ ಒಂದು ಕೊಂಡಿ ಇದೆ. 2008ರಲ್ಲಿ ಅದನ್ನು ಅಡಗಿಸಿ ನೋಡಿದರು. ಬಾಲ ಬರಬೇಕಾದಲ್ಲಿ ತಲೆ ಬಂತು.

ತಲೆ ಹೊಸದಾದರೆ ನೆನಪು? ಈ ಪ್ರಶ್ನೆಗೆ ಒಂದು ಮುಜುಗರದ ಇತಿಹಾಸವಿದೆ. 1960ರ ದಶಕದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಮೆಕ್‌ಕಾನೆಲ್, ಪಾಠ ಕಲಿತ ಹುಳವನ್ನು ಕತ್ತರಿಸಿ ಬೇರೆ ಹುಳಕ್ಕೆ ತಿನ್ನಿಸಿದರೆ ಅದಕ್ಕೂ ಪಾಠ ಬರುತ್ತದೆ ಎಂದರು. ಬೇರೆಯವರು ಮಾಡಿದಾಗ ಸರಿಬರಲಿಲ್ಲ. ವಿಷಯವೇ ನಗೆಪಾಟಲಾಯಿತು. ಟಫ್ಟ್ಸ್ ವಿಶ್ವವಿದ್ಯಾಲಯದವರು 2013ರಲ್ಲಿ, ಕಂಪ್ಯೂಟರ್ ಕಣ್ಗಾವಲಿನಲ್ಲಿ, ಹುಶಾರಾಗಿ ಅದರ ಒಂದು ತುದಿಯನ್ನು ಮತ್ತೆ ಹಿಡಿದರು. ತರಿಯಾದ ನೆಲದ ಮೇಲೆ ಊಟಕ್ಕೆ ಬರುವುದನ್ನು ಹುಳಗಳಿಗೆ ರೂಢಿ ಮಾಡಿಸಿ, ತಲೆ ತೆಗೆದರು. ಹೊಸ ತಲೆ ಬಂದ ಮೇಲೆ, ಅದೇ ನೆಲದಲ್ಲಿ ಒಂದು ಸಲ ಊಟ ಹಾಕಿ ನೆನಪಿಸಿದರೆ ಸಾಕಾಗಿತ್ತು. ಏನೂ ಕಲಿಯದ ಹುಳಗಳಿಗಿಂತ ಬೇಗ ಅವು ಊಟಕ್ಕೆ ಬಂದವು.

ಗೆಳೆಯ ಅಡಿಕೆ ಪುಡಿ ಹಾಕಿದ. ಮಾರನೇ ದಿನ ಹುಳಗಳು ಮುರುಟಿ ತಳಕ್ಕೆ ಬಿದ್ದಿದ್ದವು. ಸೀಗಡಿಗಳಿಗೆ ಏನೂ ಆಗಲಿಲ್ಲ, ಎರಡು ಬಸವನ ಹುಳ ಮಾತ್ರ ಹೋದವಂತೆ. ನನ್ನ ಬಾಟಲಿ ಈಗ ಕಿಟಕಿಯಿಂದ ದೂರ, ಪುಸ್ತಕದ ಕಪಾಟಿನ ನೆರಳಲ್ಲಿ ಇದೆ. ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದವನು ಬೆಳಿಗ್ಗೆ ನೋಡಿದರೆ, ಒಂದಿದ್ದದ್ದು ಎರಡಾಗಿದೆ. ಚಿಕ್ಕದಕ್ಕೆ ಇನ್ನೂ ಕಣ್ಣು ಬಂದಿಲ್ಲ. ತುದಿಯಲ್ಲಿ ಬೆಳ್ಳಗೆ ಒಂದು ಮೊಗ್ಗು ಮಾತ್ರ ಇದೆ.