ಹರ್ಸುಟಿಸಂ: ಗದ್ದದ ಕೂದಲಿಗೆ ಡಾಕ್ಟರ್ ಇಟ್ಟ ಹೆಸರು

ಚರ್ಮದ ಡಾಕ್ಟರ ಚೀಟಿಯಲ್ಲಿ ‘ಹರ್ಸುಟಿಸಂ’ ಅಂತ ಕಂಡರೆ ಗಾಬರಿ ಬೇಡ. ಮೇಲ್ದುಟಿ, ಗದ್ದ, ಎದೆ, ಹೊಕ್ಕಳ ಕೆಳಗೆ, ಹೀಗೆ ಗಂಡಸರಿಗೆ ಬರೋ ಜಾಗಗಳಲ್ಲಿ ಹೆಂಗಸರಿಗೂ ಕಪ್ಪಗೆ, ಒರಟಾಗಿ ಕೂದಲು ಬೆಳೆದರೆ ಅದಕ್ಕೆ ಈ ಹೆಸರು. ಕೆನ್ನೆ ಮೇಲಿನ ನವಿರು ಕೂದಲು ಲೆಕ್ಕಕ್ಕಿಲ್ಲ, ಅದು ಎಲ್ಲರಿಗೂ ಇರುತ್ತೆ.

ಅಪರೂಪದ್ದೇನಲ್ಲ. ಮುಟ್ಟಾಗುವ ವಯಸ್ಸಿನ ನೂರು ಹೆಂಗಸರಲ್ಲಿ 5ರಿಂದ 10 ಮಂದಿಗೆ ಇರುತ್ತದೆ. ಹೆಚ್ಚಿನವರಿಗೆ ಕಾರಣ ಪಿಸಿಓಎಸ್, ನಾವು ಪಿಸಿಓಡಿ ಅಂತೀವಲ್ಲ, ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಅದು. ಗಂಡು ಹಾರ್ಮೋನು ಪ್ರತಿ ಹೆಣ್ಣಿನ ಮೈಯಲ್ಲೂ ಒಂಚೂರು ಇರುತ್ತದೆ. ಅದು ಜಾಸ್ತಿಯಾದರೆ ನವಿರು ಕೂದಲೇ ದಪ್ಪಗಾಗುತ್ತದೆ. ಹಾರ್ಮೋನು, ಮುಟ್ಟು ಎಲ್ಲಾ ಸರಿಯಿದ್ದೂ ಬರುವವರಿದ್ದಾರೆ. ಬ್ಲೇಡ್ ಹಾಕಿದ್ದಕ್ಕೇ ಹೀಗಾಯ್ತು ಅನ್ನೋದು ಮಾತ್ರ ಸುಳ್ಳು. ಆದರೆ ಕೆಲವೇ ತಿಂಗಳಲ್ಲಿ ಏಕಾಏಕಿ ಬಂದು, ದನಿಯೂ ಗಡಸಾದರೆ ತಡ ಮಾಡದೆ ತೋರಿಸಬೇಕು.

ಇದನ್ನು ಅಳೆಯಲು ಫೆರಿಮನ್–ಗಾಲ್ವೇ ಅನ್ನೋ ಅಂಕಪಟ್ಟಿ ಇದೆ, 1961ರದ್ದು. ಈಗ ಬಳಕೆಯಲ್ಲಿರುವ ರೂಪದಲ್ಲಿ ಮೈಯ 9 ಜಾಗ ನೋಡಿ, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಒಟ್ಟು 8 ಮುಟ್ಟಿದರೆ ಸಾಮಾನ್ಯವಾಗಿ ಹರ್ಸುಟಿಸಂ ಅನ್ನುತ್ತಾರೆ. ನನ್ನ ತಕರಾರು ಇಲ್ಲೇ. ಬೆನ್ನಿಗೂ ಗದ್ದಕ್ಕೂ ಒಂದೇ ತಕ್ಕಡಿನಾ? ಬೆನ್ನು ಸೆರಗಿನಡಿ ಹೋಗುತ್ತೆ, ಗದ್ದ ಎಲ್ಲಿಗೆ ಹೋಗಬೇಕು? ತುಮಕೂರಿನಿಂದ ಬೆಂಗಳೂರಿಗೆ ಹೋಗೋ ಬೆಳಗಿನ ರೈಲಲ್ಲಿ ಕಿಟಕಿ ಸೀಟು ಖಾಲಿಯಿದ್ದರೂ ಒಳಗೆ ಕೂರುವವರಿದ್ದಾರೆ. ಬಿಸಿಲು ಮುಖಕ್ಕೆ ಬಿದ್ದರೆ ಒಂದೊಂದು ಕೂದಲೂ ಎದ್ದು ಕಾಣುತ್ತೆ. ಮಾತಾಡುವಾಗ ಅಂಗೈ ತಾನಾಗಿ ಗದ್ದಕ್ಕೆ ಹೋಗುತ್ತೆ. ಬ್ಯಾಗಿನಲ್ಲಿ ಪುಟ್ಟ ಕನ್ನಡಿ, ಪ್ಲಕರ್. ಹೆಣ್ಣು ನೋಡೋಕೆ ಬರ್ತಾರೆ ಅಂದರೆ ಹಿಂದಿನ ದಿನ ಥ್ರೆಡ್ಡಿಂಗ್, ಮಾರನೇ ದಿನ ದಾರ ಎಳೆದ ಕಡೆಯೆಲ್ಲ ಕೆಂಪು ಗುಳ್ಳೆ.

ಈ ಕಷ್ಟವನ್ನೂ ಅಳೆಯಬಹುದು. ಚರ್ಮದ ತೊಂದರೆ ಬದುಕನ್ನು ಎಷ್ಟು ಕಾಡುತ್ತೆ ಅಂತ ಕೇಳೋಕೆ 1994ರಲ್ಲಿ ಬ್ರಿಟನ್ನಿನಲ್ಲಿ ಬಂದ ಡಿಎಲ್‌ಕ್ಯೂಐ ಪಟ್ಟಿಯಲ್ಲಿ 10 ಪ್ರಶ್ನೆ. ಕಳೆದ ವಾರ ಚರ್ಮದಿಂದ ಎಷ್ಟು ಮುಜುಗರವಾಯ್ತು, ಹೊರಗೆ ಹೋಗೋಕೆ ಅಡ್ಡಿಯಾಯ್ತಾ, ಹೀಗೆ. ‘ಜೀವನ ಗುಣಮಟ್ಟ’ ಅಂತ ಡಾಕ್ಟರು ಅನ್ನೋದು ಇದನ್ನೇ. ಬ್ರಿಟನ್ನಿನಲ್ಲೇ 2005ರಲ್ಲಿ, ಪಿಸಿಓಎಸ್ ಇದ್ದ 88 ಹೆಂಗಸರ ಮೇಲೆ ನಡೆದ ಲೇಸರ್ ಅಧ್ಯಯನವೊಂದು ಪ್ರಕಟವಾಯಿತು. ಪೂರ್ತಿ ಶಕ್ತಿಯ ಲೇಸರ್ ಸಿಕ್ಕವರು ಕೂದಲು ತೆಗೆಯೋಕೆ ವಾರಕ್ಕೆ 112 ನಿಮಿಷ ಕಳೆಯುತ್ತಿದ್ದರು, ಅದು 21ಕ್ಕೆ ಇಳಿಯಿತು. ಖಿನ್ನತೆಯ ಅಂಕವೂ ಇಳಿಯಿತು. ಕೂದಲು ಪೂರ್ತಿ ಹೋಗಿರಲಿಲ್ಲ, ಗಮನಿಸಿ.

ಲೇಸರ್ ಬೆಳಕನ್ನು ಕೂದಲಿನ ಕಪ್ಪು ಬಣ್ಣ ಹೀರಿಕೊಳ್ಳುತ್ತದೆ, ಆ ಬಿಸಿಗೆ ಬೇರು ಬಾಡುತ್ತದೆ. ಹಾಗಾಗಿ ಬಿಳಿ ಕೂದಲಿಗೆ ನಾಟೋದಿಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಚೆನ್ನಾಗಿ ತಾಗೋದರಿಂದ ಮುಖಕ್ಕೆ 4ರಿಂದ 6 ವಾರಕ್ಕೊಮ್ಮೆ, ಆರೇಳು ಸಲವಾದರೂ ಹೋಗಬೇಕು. ಮಧ್ಯೆ ಥ್ರೆಡ್ಡಿಂಗ್, ಪ್ಲಕಿಂಗ್ ಕೂಡದು. ಬೇರೇ ಕಿತ್ತರೆ ಲೇಸರ್ ಸುಡೋದೇನನ್ನ? ಶೇವ್ ಮಾಡಬಹುದು.

ನಮ್ಮ ಚರ್ಮದಲ್ಲೂ ಅದೇ ಕಪ್ಪು ಬಣ್ಣ ಇದೆ, ಸುಡುವ ಭಯ ಇದ್ದೇ ಇದೆ. ಕಪ್ಪು ಮೈಬಣ್ಣಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ ಯಾಗ್ ಅನ್ನೋ ಲೇಸರ್ ಹೆಚ್ಚು ಸುರಕ್ಷಿತ. ಬೋರ್ಡಿನ ಮೇಲಿನ ‘ಪರ್ಮನೆಂಟ್’ ನಂಬಿ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುಂಚೆ ಮೆಷಿನ್ ಯಾವುದು, ನಡೆಸುವವರು ಯಾರು ಅಂತ ಕೇಳಿ. ಪಿಸಿಓಡಿ ಇದ್ದರೆ ಅದಕ್ಕೆ ಚಿಕಿತ್ಸೆ ಜೊತೆಜೊತೆಗೇ ನಡೀಬೇಕು, ಇಲ್ಲದಿದ್ದರೆ ಹೊಸ ಕೂದಲು ಬರ್ತಾನೇ ಇರುತ್ತೆ. ಮಾತ್ರೆಯ ಗುಣ ಕಾಣೋಕೂ ಸುಮಾರು 6 ತಿಂಗಳು ಬೇಕು.